ಬಾಗಿಲು ತಟ್ಟುವ ಬುತ್ತಿ
ದಕ್ಷಿಣ ಆಸ್ಟ್ರೇಲಿಯಾದ ಡೋರಿಸ್ ಟೇಲರ್ ಚಿಕ್ಕಂದಿನಲ್ಲೇ ಬಿದ್ದು ಪೆಟ್ಟಾಗಿ ನಡೆಯುವ ಶಕ್ತಿ ಕಳೆದುಕೊಂಡವರು. ಬದುಕೆಲ್ಲ ಗಾಲಿಕುರ್ಚಿಯಲ್ಲೇ ಕಳೆಯಿತು. ಮನೆಯಲ್ಲಿ ದಿನಸಿ ಇದ್ದೂ ಒಲೆಯ ಮುಂದೆ ನಿಲ್ಲಲಾರದ ಸಂಕಟ ಎಂಥದೆಂದು ಅವರಿಗೆ ಯಾರೂ ವಿವರಿಸಬೇಕಿರಲಿಲ್ಲ. ಹೊತ್ತಿಗೆ ಸರಿಯಾಗಿ ಒಂದು ಬಿಸಿ ಊಟ ಸಿಕ್ಕರೆ ಕೈಲಾಗದ ಹಿರಿಯರೂ ತಮ್ಮ ಮನೆಯಲ್ಲೇ ಇರಬಹುದು ಎಂದು ನಂಬಿ, 1953ರಲ್ಲಿ ಅವರು ಅಲ್ಲಿ ಮನೆಬಾಗಿಲಿಗೆ ಊಟ ತಲುಪಿಸುವ ‘ಮೀಲ್ಸ್ ಆನ್ ವೀಲ್ಸ್’ ಸಂಸ್ಥೆಯನ್ನು ಕಟ್ಟಿದರು. ಯುದ್ಧಕಾಲದ ಬ್ರಿಟನ್ನಿನಲ್ಲಿ ಮಹಿಳಾ ಸ್ವಯಂಸೇವಕಿಯರು ಇಂಥ ಕೆಲಸ ಆಗಲೇ ಮಾಡಿದ್ದರು. 1954ರ ಆಗಸ್ಟಿನಲ್ಲಿ ಪೋರ್ಟ್ ಅಡಿಲೇಡ್‌ನ ಅಡುಗೆಮನೆಯಿಂದ ಮೊದಲ ದಿನ ಊಟ ಹೋದದ್ದು 8 ಮಂದಿಗೆ. ದುಡಿದ ಸ್ವಯಂಸೇವಕರು 11. ಉಣ್ಣುವವರಿಗಿಂತ ಉಣಿಸುವವರೇ ಹೆಚ್ಚು! ಈ ಲೆಕ್ಕ ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ. ಡಬ್ಬಿ ಕೈಗಿಟ್ಟು ಓಡಿಬರುವ ಕೆಲಸ ಇದಲ್ಲ. ಬಾಗಿಲು ತಟ್ಟಿ, ಒಳಗಿನ ಊರುಗೋಲಿನ ಸದ್ದು ಹತ್ತಿರ ಬರುವವರೆಗೆ ಕಾಯಬೇಕು. ನಡುಗುವ ಬೆರಳಿಗೆ ಬಗ್ಗದ ಮುಚ್ಚಳವನ್ನು ತೆರೆದುಕೊಡಬೇಕು. ‘ನಿನ್ನೆ ರಾತ್ರಿ ನಿದ್ದೆ ಬಂತಾ?’ ಎಂದು ಕೇಳಬೇಕು. ಇಡೀ ದಿನಕ್ಕೆ ಆ ಮನೆಯಲ್ಲಿ ಕೇಳಿಬರುವ ಇನ್ನೊಂದು ದನಿ ಅದೊಂದೇ ಇರಬಹುದು. ನಿನ್ನೆಯ ಊಟ ಮುಟ್ಟದೆ ಉಳಿದಿದ್ದರೆ ಕಾರಣ ತಿಳಿಯಬೇಕು. ಎಷ್ಟು ತಟ್ಟಿದರೂ ಬಾಗಿಲು ತೆರೆಯದಿದ್ದರೆ ಸುಮ್ಮನೆ ಮುಂದಿನ ಮನೆಗೆ ಹೋಗುವಂತಿಲ್ಲ, ಕೂಡಲೇ ಸುದ್ದಿ ಮುಟ್ಟಿಸಬೇಕು. ಬಚ್ಚಲಲ್ಲಿ ಜಾರಿಬಿದ್ದು, ಕೂಗಲೂ ತ್ರಾಣವಿಲ್ಲದೆ ಮಲಗಿದ್ದವರು ಎಷ್ಟೋ ಸಲ ಉಳಿದದ್ದು ಹೀಗೆಯೇ, ಊಟ ತಂದವರಿಂದ.