ಚಿಕಿತ್ಸೆಯ ಕ್ರಮವೂ ತಂತ್ರಾಂಶವೂ

೧೯೦೫ನೆಯ ಇಸವಿಯಲ್ಲಿ ಹಾಲೆಂಡಿನ ವಿಜ್ಞಾನಿ ವಿಲ್ಲೆಮ್ ಐಂಥೋವನನಿಗೆ ಒಂದು ತೊಡಕು ಎದುರಾಗಿತ್ತು. ಹೃದಯದ ವಿದ್ಯುತ್ ಸ್ಪಂದನವನ್ನು ದಾಖಲಿಸುವ ಆತನ ಉಪಕರಣ ಸುಮಾರು ೨೭೦ ಕಿಲೋಗ್ರಾಂ ತೂಗುತ್ತಿತ್ತು. ಅದನ್ನು ಆಸ್ಪತ್ರೆಗೆ ಒಯ್ಯುವಂತಿರಲಿಲ್ಲ; ರೋಗಿಗಳನ್ನು ಪ್ರಯೋಗಶಾಲೆಗೆ ಕರೆತರುವುದೂ ಸುಲಭವಿರಲಿಲ್ಲ. ಆತನು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ಟೆಲಿಫೋನ್ ತಂತಿಯ ಮೂಲಕ ಸಂಕೇತವನ್ನು ತರಿಸಿಕೊಂಡನು. ರೋಗಿ ಆಸ್ಪತ್ರೆಯಲ್ಲಿಯೇ ಉಳಿದನು. ದಾರಿ ನಡೆದದ್ದು ವಿದ್ಯುತ್ತು.

ಆಸ್ಪತ್ರೆಗಳಿಗೆ ತಂತ್ರಾಂಶ ರಚಿಸುವವರು ಮರೆಯಬಾರದ ನೀತಿ ಇದೇ: ಚಿಕಿತ್ಸೆಯ ಕ್ರಮಕ್ಕೆ ಉಪಕರಣವು ಹೊಂದಿಕೊಳ್ಳಬೇಕು. ಒಂದು ಸರಳ ಲೆಕ್ಕ ಮಾಡೋಣ. ಒಬ್ಬ ವೈದ್ಯರು ನಾಲ್ಕು ಗಂಟೆಗಳಲ್ಲಿ ೧೨೦ ಹೊರರೋಗಿಗಳನ್ನು ನೋಡಬೇಕಾಗಿದೆಯೆಂದು ಇಟ್ಟುಕೊಳ್ಳಿ. ಒಬ್ಬೊಬ್ಬರಿಗೆ ದೊರೆಯುವುದು ಎರಡೇ ನಿಮಿಷ. ಗಣಕಯಂತ್ರದ ಪರದೆಯನ್ನು ತುಂಬಲು ಅದರಲ್ಲಿ ಅರ್ಧ ನಿಮಿಷ ವ್ಯಯವಾದರೆ ಒಟ್ಟು ಒಂದು ಗಂಟೆ ಕಳೆಯಿತು. ಅಂದರೆ ೩೦ ರೋಗಿಗಳ ಪಾಲಿನ ಸಮಯ. ಆಗ ವೈದ್ಯರು ಚೀಟಿಯಲ್ಲಿ ಬರೆದಿಟ್ಟು, ಸಂಜೆ ಬೇರೆಯವರಿಂದ ಪರದೆ ತುಂಬಿಸಿದರೆ ಅದನ್ನು ಸೋಮಾರಿತನವೆನ್ನಲಾಗದು. ತಂತ್ರಾಂಶದ ರಚನೆಯೇ ಅವರನ್ನು ಆ ದಾರಿಗೆ ತಳ್ಳಿರುತ್ತದೆ.

ಹೊಂದಿಕೊಂಡ ವ್ಯವಸ್ಥೆಗೆ ನಮ್ಮ ಜಿಲ್ಲೆಯಲ್ಲಿಯೇ ನಿದರ್ಶನವುಂಟು. ಬಿಜೈಯ ಸರ್ಕಾರಿ ಬಸ್ ನಿಲ್ದಾಣದಿಂದ ಸುಳ್ಯಕ್ಕೆ ಸುಮಾರು ೮೫ ಕಿಲೋಮೀಟರ್. ಎದೆನೋವು ಬಂದವರಿಗಾದರೋ, ಆಸ್ಪತ್ರೆ ಸೇರಿದ ೧೦ ನಿಮಿಷಗಳೊಳಗೆ ಇ.ಸಿ.ಜಿ. ತೆಗೆಯಬೇಕೆಂದು ವೈದ್ಯಶಾಸ್ತ್ರ ಹೇಳುತ್ತದೆ. ೨೦೧೮ರಲ್ಲಿ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತರು ಗ್ರಾಮಾಂತರದ ವೈದ್ಯರಿಗೆ ಇ.ಸಿ.ಜಿ. ಯಂತ್ರಗಳನ್ನು ಒದಗಿಸಿ, ವಾಟ್ಸ್‌ಆ್ಯಪ್ ಗುಂಪುಗಳ ಮೂಲಕ ತಜ್ಞರ ಸಲಹೆ ದೊರಕುವ ಏರ್ಪಾಡನ್ನು ಆರಂಭಿಸಿದರು. ಹಳ್ಳಿಯ ವೈದ್ಯರು ಇ.ಸಿ.ಜಿ.ಯ ಛಾಯಾಚಿತ್ರವನ್ನು ಕಳುಹಿಸಿದರೆ ತಜ್ಞರು ಉತ್ತರಿಸುತ್ತಾರೆ.

ಛಾಯಾಚಿತ್ರ ಸಾಕೇ ಎಂದು ಭೌತಶಾಸ್ತ್ರದ ವಿದ್ಯಾರ್ಥಿಗಳು ಕೇಳಬಹುದು. ಇ.ಸಿ.ಜಿ. ಕಾಗದವು ಸಾಮಾನ್ಯವಾಗಿ ಸೆಕೆಂಡಿಗೆ ೨೫ ಮಿಲಿಮೀಟರ್ ಚಲಿಸುತ್ತದೆ. ಒಂದು ಮಿಲಿವೋಲ್ಟಿಗೆ ರೇಖೆಯು ೧೦ ಮಿಲಿಮೀಟರ್ ಏರುತ್ತದೆ. ಅಳತೆಗೋಲು ಕಾಗದದ ಚೌಕಗಳಲ್ಲಿಯೇ ಅಚ್ಚಾಗಿರುವುದರಿಂದ, ಚಿತ್ರ ಹಿಗ್ಗಿದರೂ ಕುಗ್ಗಿದರೂ ಅಳತೆ ಕೆಡದು. ಇನ್ನು ದೂರವಾಣಿಯು ವೈದ್ಯರ ಕಿಸೆಯಲ್ಲಿ ಮೊದಲೇ ಇತ್ತು. ಹೊಸದಾಗಿ ಕಲಿಯಬೇಕಾದುದು ಅತ್ಯಲ್ಪ.

ಈ ಬಗೆಯ ಸಲಕರಣೆಯಲ್ಲಿ ಕೊರತೆಗಳಿಲ್ಲವೆಂದಲ್ಲ. ಹರಟೆಗೆಂದು ಹುಟ್ಟಿದ ಸಾಧನದಲ್ಲಿ ಒಂದು ಸಂದೇಶದ ಮೇಲೆ ಮತ್ತೊಂದು ಬಿದ್ದು ಹಳೆಯದು ಮರೆಯಾಗಬಹುದು. ರೋಗಿಯ ಗುಟ್ಟು ಹಲವರ ಕೈಸೇರಬಹುದು. ಮುಂದಿನ ವರ್ಷ ಅದೇ ರೋಗಿ ಬಂದರೆ ಹಿಂದಿನ ದಾಖಲೆ ಸಿಗದಿರಬಹುದು. ಕ್ರಮಬದ್ಧ ದಾಖಲೆ ಬೇಕೆಂಬವರ ವಾದ ನ್ಯಾಯವಾದುದೇ. ಆದರೆ ಅದರ ಹೊರೆಯನ್ನು ಯಾರು ಹೊರಬೇಕು? ದಿನಾಂಕ, ವೇಳೆ, ಹಿಂದಿನ ವಿವರಗಳನ್ನು ಗಣಕಯಂತ್ರವು ತಾನೇ ತುಂಬಿಕೊಳ್ಳಬಲ್ಲದು. ವೈದ್ಯರೊಬ್ಬರೇ ಹೇಳಬಲ್ಲ ಮಾತನ್ನು ಮಾತ್ರ ವೈದ್ಯರಿಂದ ಕೇಳಬೇಕು.

ಈ ಓದುಗರಲ್ಲಿ ಅನೇಕರು ನಾಳೆ ತಂತ್ರಾಂಶ ರಚಿಸುವವರಾಗುವಿರಿ. ಆಸ್ಪತ್ರೆಯ ಕೆಲಸ ಕೈಗೆ ಬಂದರೆ, ಒಂದು ಸಾಲನ್ನೂ ಬರೆಯುವ ಮೊದಲು ಅನುಮತಿ ಪಡೆದು ಒಂದು ವಾರ ಅಲ್ಲಿ ನಿಂತು ನೋಡಿ. ದಾದಿಯರು ಯಾವುದನ್ನು ಎಲ್ಲಿ ಬರೆಯುತ್ತಾರೆ, ಎಷ್ಟು ಸಲ ಬರೆಯುತ್ತಾರೆ, ವಿದ್ಯುತ್ತು ಹೋದರೆ ಏನು ಮಾಡುತ್ತಾರೆ ಎಂಬುದನ್ನು ಗಡಿಯಾರ ಹಿಡಿದು ಗುರುತಿಸಿಕೊಳ್ಳಿ. ನಿಮ್ಮ ತಂತ್ರಾಂಶ ಬಂದಮೇಲೆ ಮತ್ತೊಮ್ಮೆ ಅಳೆಯಿರಿ. ರೋಗಿಯ ಮುಖ ನೋಡಲು ವೈದ್ಯರಿಗೆ ಮೊದಲಿಗಿಂತ ಕಡಿಮೆ ಸಮಯ ಉಳಿದಿದ್ದರೆ, ಪರದೆ ಎಷ್ಟೇ ಅಂದವಾಗಿರಲಿ, ಅದನ್ನು ತಿದ್ದಲೇಬೇಕು.