ಬಂಡೆಯೆಂಬುದು ಬರಿದಾದ ಕೊಡವಲ್ಲ

ಬೆಂಗಳೂರಿನ ಕುರುಬರಹಳ್ಳಿಯಲ್ಲಿ, ಬಂಧುಗಳ ಮನೆಯ ಬೀದಿಯಲ್ಲಿ, ಬತ್ತಿದ ಕೊಳವೆಬಾವಿಯೊಂದರ ಬಾಯಿಗೆ ತಾರಸಿಯ ಪೈಪನ್ನು ನೇರವಾಗಿ ಇಳಿಸಿದ್ದನ್ನು ಕಂಡೆ. ಅಂಗಳದ ನೀರೂ ಅದಕ್ಕೇ ಸೇರುತ್ತಿತ್ತು. ಶೋಧಕವೆಂದರೆ ಒಂದು ತುಂಡು ಸೊಳ್ಳೆಪರದೆ! ‘ಬಾವಿಗೆ ಜೀವ ಬರುತ್ತದೆ’ ಎಂದು ಹೇಳಿ ಗುತ್ತಿಗೆದಾರ ಹಣ ಪಡೆದು ಹೋಗಿದ್ದ. ಇದೇ ಮಾದರಿಯನ್ನು ಈಗ ನಮ್ಮ ಮಲೆನಾಡಿನ ಅಡಿಕೆ ತೋಟಗಳಿಗೂ ಹೊತ್ತು ತರುತ್ತಿದ್ದಾರೆ. ಇದನ್ನು ನಾನು ವಿರೋಧಿಸುತ್ತೇನೆ. ಮಳೆನೀರು ಇಂಗಿಸುವುದನ್ನಲ್ಲ, ಕೊಳಕು ನೀರನ್ನು ಬಂಡೆಯ ಗರ್ಭಕ್ಕೆ ನೇರವಾಗಿ ಸುರಿಯುವುದನ್ನು.

ನಗರದ ಸಂಕಟ ಸುಳ್ಳಲ್ಲ. 2017ರ ಅಕ್ಟೋಬರ್ ಮಳೆಯಲ್ಲಿ ಇದೇ ಕುರುಬರಹಳ್ಳಿಯ ರಾಜಕಾಲುವೆ ಉಕ್ಕಿ ಜೀವಗಳು ಹೋದವು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆಬಾವಿಗಳು ಬತ್ತಿದವು. ಆದರೆ ಸಂಕಟ ನಿಜವೆಂದ ಮಾತ್ರಕ್ಕೆ ಮದ್ದೆಲ್ಲ ನಿಜವಾಗುವುದಿಲ್ಲ.

ಬೆಂಗಳೂರಿನ ಅಡಿಪಾಯ ಗ್ರಾನೈಟ್ ಮತ್ತು ನೈಸ್ ಶಿಲೆ. ಅದರ ಒಡಲಲ್ಲಿ ನೀರು ಹಿಡಿಯುವ ರಂಧ್ರಗಳು ಇಲ್ಲವೆಂಬಷ್ಟು ಕಡಿಮೆ. ನೀರು ಹರಿಯುವುದೆಲ್ಲ ಕೂದಲೆಳೆಯಂಥ ಬಿರುಕುಗಳಲ್ಲಿ. ಆ ಬಿರುಕಿಗೆ ರಾಡಿನೀರು ಹೊಕ್ಕರೆ ಗೋಡು ಕೂರುತ್ತದೆ, ಸೂಕ್ಷ್ಮಾಣುಗಳು ಲೋಳೆ ಕಟ್ಟುತ್ತವೆ, ನೀರಿನ ಜೊತೆ ಇಳಿದ ಆಮ್ಲಜನಕ ಆಳದ ನೀರಿನಲ್ಲಿ ಕರಗಿದ್ದ ಕಬ್ಬಿಣವನ್ನು ತುಕ್ಕಾಗಿಸುತ್ತದೆ. ತೆರೆದ ಬಾವಿಯ ಹೂಳನ್ನು ಬುಟ್ಟಿಯಲ್ಲಿ ಎತ್ತಬಹುದು. ಮುನ್ನೂರು ಅಡಿ ಆಳದ ಬಿರುಕಿನ ಹೂಳನ್ನು ಎತ್ತುವವರು ಯಾರು?

ನೆಲದಾಳಕ್ಕೆ ನೀರು ತುಂಬುವ ವಿದ್ಯೆಯಲ್ಲಿ ಎಲ್ಲರಿಗಿಂತ ಪಳಗಿದವರು ತೈಲೋದ್ಯಮದವರು. (ಅವರ ಶಿಸ್ತನ್ನು ಮೆಚ್ಚುವ ಪ್ರಸಂಗ ಈ ಪುಟಗಳಲ್ಲಿ ಮತ್ತೆ ಬರಲಾರದು!) ಮುಂಬಯಿಯ ಕಡಲಾಳದ ‘ಬಾಂಬೆ ಹೈ’ ಕ್ಷೇತ್ರದಲ್ಲಿ 1984ರಿಂದ, ತೈಲವನ್ನು ಹೊರದೂಡಲು ಸಮುದ್ರದ ನೀರನ್ನು ಸುಣ್ಣಶಿಲೆಗೆ ತುಂಬಲಾಗುತ್ತಿದೆ. ಇಂಥ ನೀರನ್ನು ಸೋಸುತ್ತಾರೆ, ಆಮ್ಲಜನಕ ತೆಗೆಯುತ್ತಾರೆ, ಸೂಕ್ಷ್ಮಾಣುಗಳನ್ನು ಕೊಲ್ಲುತ್ತಾರೆ. ಇಷ್ಟಾದರೂ ತುಂಬುಬಾವಿಗಳು ಕಟ್ಟಿಕೊಳ್ಳುವುದುಂಟು, ಆಮ್ಲ ಹಾಕಿ ತೊಳೆಯಬೇಕಾಗುವುದುಂಟು.

ನಾರ್ವೆಯ ಎಕೋಫಿಸ್ಕ್ ಕ್ಷೇತ್ರದ ಕಥೆ ಇನ್ನೂ ಗಂಭೀರ. ಸೀಮೆಸುಣ್ಣದಂಥ ಅಲ್ಲಿನ ಶಿಲೆಯಿಂದ ತೈಲ ತೆಗೆದಂತೆ ಕಡಲತಳ ಕುಸಿಯಿತು. 1987ರಲ್ಲಿ ಸಮುದ್ರದ ಮೇಲಿನ ಕಟ್ಟೆಗಳನ್ನೇ 6 ಮೀಟರ್ ಎತ್ತರಿಸಬೇಕಾಯಿತು. ಅದೇ ವರ್ಷ ದೊಡ್ಡ ಪ್ರಮಾಣದಲ್ಲಿ ನೀರು ತುಂಬತೊಡಗಿದರು. ಕುಸಿತ ತಕ್ಷಣ ನಿಂತಿತೇ? ಇಲ್ಲ, ವರ್ಷಗಟ್ಟಲೆ ಮುಂದುವರಿಯಿತು. ಒತ್ತಡವನ್ನು ಕಾಯಬೇಕಾದ ನೀರೇ ಶಿಲೆಯ ಕಣಗಳ ಬೆಸುಗೆಯನ್ನು ಸಡಿಲಿಸಿ ಅದನ್ನು ದುರ್ಬಲಗೊಳಿಸಿತ್ತು.

ನಮ್ಮ ಬಂಡೆ ಸೀಮೆಸುಣ್ಣವಲ್ಲ ಎಂದು ಗುತ್ತಿಗೆದಾರರ ಪರ ವಹಿಸುವವರು ಹೇಳಬಹುದು. ಒಪ್ಪುತ್ತೇನೆ. ನೈಸ್ ಶಿಲೆ ಹಾಗೆ ಕುಸಿಯದು. ಆದರೆ ಬಿರುಕುಗಳಲ್ಲಿ ಜೇಡಿಯಿರುತ್ತದೆ, ಮತ್ತು ಜೇಡಿಯ ಸ್ವಭಾವ ಕೃಷಿ ವಿಜ್ಞಾನಿಗಳಾದ ನಮಗೆ ಹಳೆಯ ಪಾಠ. ಸೋಡಿಯಂ ಹೆಚ್ಚಿರುವ ನೀರು ಹಾಯಿಸಿದ ಎರೆಭೂಮಿಯಲ್ಲಿ ಜೇಡಿಯ ಕಣಗಳು ಬಿಡಿಬಿಡಿಯಾಗಿ ಚದುರಿ, ಸಂದುಗಳನ್ನು ಮುಚ್ಚಿ, ಹೊಲ ನೀರನ್ನೇ ಕುಡಿಯದಂತಾಗುತ್ತದೆ. ಸಾಬೂನಿನ ನೀರು ಬೆರೆತ ಅಂಗಳದ ಕೊಚ್ಚೆಯಲ್ಲೂ ಸೋಡಿಯಂ ಇದೆ. ಜೊತೆಗೆ, ಬಾವಿಗೆ ನೇರ ಸುರಿದ ನೀರು ಮಣ್ಣೆಂಬ ಶೋಧಕವನ್ನೇ ತಪ್ಪಿಸಿಕೊಂಡು ಹೋಗುತ್ತದೆ. ಕುರುಬರಹಳ್ಳಿಗೆ ಸಮೀಪದ ಪೀಣ್ಯದಲ್ಲಿ ಅಂತರ್ಜಲಕ್ಕೆ ಸೇರಿದ ಕ್ರೋಮಿಯಂ ಇಂದಿಗೂ ಸುಲಭವಾಗಿ ಹೊರಬರುತ್ತಿಲ್ಲ.

ನಮ್ಮ ಗುಡ್ಡಗಳಲ್ಲಿ ಇನ್ನೊಂದು ಭಯವಿದೆ. ಜಂಬಿಟ್ಟಿಗೆಯ ಕೆಳಗಿನ ಶೇಡಿಮಣ್ಣು ನೀರು ಕುಡಿದರೆ ಬೆಣ್ಣೆಯಂತಾಗುತ್ತದೆಂಬುದು ಬಾವಿ ತೋಡುವವರಿಗೆಲ್ಲ ಗೊತ್ತು. ಕಡಿದಾದ ಇಳಿಜಾರಿನ ಒಡಲಿಗೆ ಪೈಪಿನಿಂದ ನೀರು ತುಂಬಿಸಿ, ಕೆಳಗಿನ ಮನೆಯವರನ್ನು ಕೇಳದೆ ಹೋಗುವ ಹಕ್ಕು ಯಾರಿಗಿದೆ?

ಆದ್ದರಿಂದ ಮುಂದಿನ ಗ್ರಾಮಸಭೆಯಲ್ಲಿ, ಬಿಲ್ಲು ಮಂಜೂರಾಗುವ ಮೊದಲೇ ಕೇಳಿರಿ: ಮರಳು–ಜಲ್ಲಿಯ ಶೋಧಕದ ಅಳತೆ ಏನು? ಮೊದಲ ಮಳೆಯ ನೀರು ಎಲ್ಲಿಗೆ ಹೋಗುತ್ತದೆ? ಬಾವಿಯ ನೀರನ್ನು ವರ್ಷಕ್ಕೊಮ್ಮೆ ಪರೀಕ್ಷಿಸುವವರು ಯಾರು? ಉತ್ತರವಿಲ್ಲದಿದ್ದರೆ ಆ ಹಣದಲ್ಲಿ ಊರ ಕೆರೆಯ ಹೂಳು ತೆಗೆಸಿರಿ, ಹಳೆಯ ತೆರೆದ ಬಾವಿಯ ಕಟ್ಟೆ ಸರಿಪಡಿಸಿರಿ.