ಹಸಿರು ತಡೆ

ವಿಜಯಪುರಕ್ಕೆ ಗೋಡೆ ಹೊಸದಲ್ಲ. ಹದಿನಾರನೆಯ ಶತಮಾನದಲ್ಲಿ ಮೊದಲನೆಯ ಅಲಿ ಆದಿಲ್‌ಶಹನು ಕಟ್ಟಿಸಿದ ಕೋಟೆಗೋಡೆ ಶತ್ರುಸೈನ್ಯವನ್ನು ತಡೆಯಲೆಂದು ಎದ್ದು ನಿಂತಿತು. ಇಂದು ಊರನ್ನು ಮುತ್ತುತ್ತಿರುವ ಶತ್ರು ಬೇರೆ. ಸೊಲ್ಲಾಪುರ-ಹುಬ್ಬಳ್ಳಿ ಹೆದ್ದಾರಿಯಲ್ಲಿಯೂ ತಿಕೋಟಾ, ಬಬಲೇಶ್ವರಗಳ ದಾರಿಗಳಲ್ಲಿಯೂ ಓಡುವ ವಾಹನಗಳ ಹೊಗೆ ಮತ್ತು ಧೂಳು ಹೇಳದೆ ಕೇಳದೆ ಮನೆಗಳೊಳಗೆ ನುಗ್ಗುತ್ತವೆ.

ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ ಕಣವೇ ಹೆಚ್ಚು ಅಪಾಯಕರ. ಕೂದಲೆಳೆಯ ದಪ್ಪದಲ್ಲಿ ಸುಮಾರು ಮೂವತ್ತನೆಯ ಒಂದು ಪಾಲಿನಷ್ಟಿರುವ ಕಣವು ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಇಂತಹ ಸೂಕ್ಷ್ಮ ಕಣಗಳು ಒಂದು ಘನಮೀಟರ್ ಗಾಳಿಯಲ್ಲಿ ವಾರ್ಷಿಕ ಸರಾಸರಿ 40 ಮೈಕ್ರೊಗ್ರಾಂ ಮೀರಬಾರದೆಂದು ನಮ್ಮ ದೇಶದಲ್ಲಿ 2009ರಲ್ಲಿ ಗೊತ್ತುಪಡಿಸಲಾಯಿತು. ರಸ್ತೆಯ ಮಗ್ಗುಲಿನ ಮನೆಗಳಲ್ಲಿ ಬೆಳೆಯುವ ಮಕ್ಕಳಿಗೆ ಇದು ಕೇವಲ ಅಂಕಿಯಲ್ಲ. ಅವರ ಉಸಿರಿನ ಪ್ರಶ್ನೆ.

ರಸ್ತೆಗೂ ಮನೆಗಳಿಗೂ ನಡುವೆ ಗೋಡೆಯೋ ದಟ್ಟವಾದ ಗಿಡಗಳ ಸಾಲೋ ಇದ್ದರೆ ಹೊಗೆ ತುಂಬಿದ ಗಾಳಿ ಅದಕ್ಕೆ ತಾಗಿ ಮೇಲೇರುತ್ತದೆ. ಮೇಲಿನ ಶುದ್ಧ ಗಾಳಿಯೊಡನೆ ಬೆರೆತು ತಿಳಿಯಾಗುತ್ತದೆ. ಎಲೆಗಳು ಧೂಳನ್ನು ಹಿಡಿದಿಡುತ್ತವೆ. ಮಳೆ ಅದನ್ನು ತೊಳೆಯುತ್ತದೆ.

ಆದರೆ ಎಲ್ಲ ಸಾಲುಮರಗಳೂ ತಡೆಯಾಗಲಾರವು. ಮೇಲೆ ಹರವಾದ ಕೊಂಬೆಗಳಿದ್ದು ಕೆಳಗೆ ಬರಿಯ ಕಾಂಡಗಳಿದ್ದರೆ, ಬೇಲಿಯ ಕಿಂಡಿಯಲ್ಲಿ ದನ ನುಗ್ಗುವಂತೆ ಹೊಗೆ ನುಗ್ಗುತ್ತದೆ. ಎರಡೂ ಕಡೆ ಎತ್ತರದ ಕಟ್ಟಡಗಳಿರುವ ಇಕ್ಕಟ್ಟಾದ ಪೇಟೆಬೀದಿಯಲ್ಲಂತೂ ದಟ್ಟ ಮರಗಳ ಚಪ್ಪರವು ಹೊಗೆಯನ್ನು ಮೇಲೇರಗೊಡದೆ ಪಾತ್ರೆಯ ಮುಚ್ಚಳದಂತೆ ಅಡಗಿಸಿಡಬಹುದು. ಅಂತಹ ಕಡೆ ಗಿಡ್ಡ ಪೊದೆಗಳ ಸಾಲೇ ಲೇಸು.

ಅರಣ್ಯ ಅತಿ ವಿರಳವಾದ ಈ ಜಿಲ್ಲೆಯಲ್ಲಿ ಕೋಟಿ ವೃಕ್ಷ ಅಭಿಯಾನವು ಗಿಡ ನೆಡುವ ಉತ್ಸಾಹವನ್ನು ಬೆಳೆಸಿದೆ. ಅದು ಶ್ಲಾಘ್ಯವೇ ಸರಿ. ಆದರೆ ನೆಟ್ಟ ಗಿಡಗಳ ಎಣಿಕೆಯಷ್ಟೇ ಸಾಲದು. ಎಲ್ಲಿ, ಹೇಗೆ ನೆಟ್ಟೆವು ಎಂಬುದೂ ಮುಖ್ಯ. ತಿಕೋಟಾ, ಬಬಲೇಶ್ವರಗಳ ದಾರಿಯಂತಹ ಬಯಲು ರಸ್ತೆಗಳಲ್ಲಿ ಬೇವು, ಹುಣಸೆಗಳ ಸಾಲಿನ ಬುಡದಲ್ಲಿ, ನೀರಿನ ಕೊರತೆಯನ್ನು ತಾಳಬಲ್ಲ ಬಂದರಿಕೆ, ಮದರಂಗಿಗಳ ಪೊದೆಯನ್ನು ಎಡೆಬಿಡದೆ ಬೆಳೆಸಬೇಕು. ಬೇಸಿಗೆಯಲ್ಲಿ ನೀರೆರೆಯುವವರಿಲ್ಲದಿದ್ದರೆ ಮಳೆಗಾಲದಲ್ಲಿ ನೆಟ್ಟುದು ವ್ಯರ್ಥ.

ತಡೆಯೊಂದರಿಂದಲೇ ಹೊಗೆ ಇಲ್ಲವಾಗದು. ರಸ್ತೆಯ ಮೇಲೆಯೇ ನಡೆಯುವವರಿಗೆ, ಅಂಚಿನಲ್ಲಿ ಕುಳಿತು ಕಾಯಿಪಲ್ಲೆ ಮಾರುವವರಿಗೆ ಮನೆಯ ಮುಂದಿನ ತಡೆ ನೆರವಾಗದು. ಆದುದರಿಂದ ಹೊಗೆ ಕಾರುವ ವಾಹನಗಳನ್ನು ಸರಿಪಡಿಸುವುದು ಮೊದಲ ಕರ್ತವ್ಯ. ಹಸಿರು ತಡೆಯನ್ನು ಬೆಳೆಸುವುದು ಅದರ ಜೊತೆಯ ಕರ್ತವ್ಯ. ಒಂದನ್ನು ಮಾಡಿ ಇನ್ನೊಂದನ್ನು ಮರೆಯುವುದು ಸಲ್ಲದು.